ಒಂದು ಉದ್ದ, ಎರಡು ಗಿಡ್ಡ

ಲಾಮಾರಾ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಬಾದ್ರಿ, ಕಂಪ್ಯೂಟರ್ ಏಳುತ್ತಿಲ್ಲ, ಕೂಗುತ್ತಿದೆ.
ಒಂದು ಉದ್ದ, ಎರಡು ಗಿಡ್ಡ.
ಸ್ವರ 'ಸಿ', ಆದರೆ ಕೂದಲೆಳೆಯಷ್ಟು ಕೆಳಗೆ."

ನಾನು ಲಿಫ್ಟ್ ರಿಪೇರಿಯವನು.
ಕುತೈಸಿಯ ಈ ಒಂಬತ್ತು ಮಹಡಿಯ ಕಟ್ಟಡಗಳಲ್ಲಿ
ಕಾಸು ನುಂಗದೆ ಮೇಲೇಳದ ಲಿಫ್ಟುಗಳೇ ನನ್ನ ಹೊಟ್ಟೆಪಾಡು.
ಒಂದು ತಂತಿ ಮುಟ್ಟಿದವನಿಗೆ ಎಲ್ಲ ತಂತಿಯೂ ಗೊತ್ತೆಂದು
ನೆರೆಹೊರೆಯವರ ನಂಬಿಕೆ.
ಹೀಗಾಗಿ ಫ್ರಿಜ್ಜು ನೋಡಿದ್ದೇನೆ, ಇಸ್ತ್ರಿಪೆಟ್ಟಿಗೆ ನೋಡಿದ್ದೇನೆ,
ಒಮ್ಮೆ ಒಬ್ಬ ಮುದುಕರ ಕಿವಿಯ ಯಂತ್ರವನ್ನೂ.
(ಅದು ಸರಿಹೋಯಿತು. ಅವರು ಬೇಸರಪಟ್ಟುಕೊಂಡರು.)

ಲಾಮಾರಾ ಕೂಡ ತಂತಿಯವಳೇ,
ನಲವತ್ತು ವರ್ಷದಿಂದ ಊರಿನ ಪಿಯಾನೋಗಳ ಕಿವಿ ಹಿಂಡುತ್ತಾ ಬಂದವಳು.

ಗುಂಡಿ ಒತ್ತಿದೆ.
ಫ್ಯಾನು ತಿರುಗಿತು. ಹಸಿರು ದೀಪ ಬಂತು.
ಪರದೆ ಮಾತ್ರ ಕಾಡಿಗೆ ಕರಡಿಗೆಯ ಒಳಮೈ.
ಮತ್ತೆ ಆ ಕೂಗು.
"ಕೇಳಿದೆಯಾ? ನೋವು ಎಲ್ಲಿದೆ ಅಂತ ಅದೇ ಹೇಳುತ್ತಿದೆ," ಅಂದಳು,
"ನಿನಗೆ ಅದರ ಭಾಷೆ ಬರುವುದಿಲ್ಲ ಅಷ್ಟೇ."

ಅರ್ಧಂಬರ್ಧ ಬರುತ್ತಿತ್ತು.
ಪ್ಲಗ್ಗು ಕಿತ್ತೆ, ಪಕ್ಕದ ತಗಡು ಬಿಚ್ಚಿದೆ.
ಒಳಗೆ ಧೂಳು, ಉಣ್ಣೆಯ ಟೊಪ್ಪಿಯಷ್ಟು ದಪ್ಪ,
ಬೆಕ್ಕಿನ ಕೂದಲು (ಬೆಕ್ಕು ಸತ್ತು ಆರು ವರ್ಷ),
ಒಂದು ಸೂರ್ಯಕಾಂತಿ ಬೀಜದ ಸಿಪ್ಪೆ. ಹೇಗೆ ಹೊಕ್ಕಿತೋ ದೇವರೇ ಬಲ್ಲ.
ಚಿತ್ರ ತೋರಿಸುವ ಕಾರ್ಡನ್ನು ಮೆಲ್ಲಗೆ ಎಳೆದೆ.
ಅದರ ಚಿನ್ನದ ಹಲ್ಲುಗಳಿಗೆ ಪಾಚಿ ಕಟ್ಟಿತ್ತು.
"ರಬ್ಬರ್ ಇದೆಯಾ, ಪೆನ್ಸಿಲ್ ಅಳಿಸುವುದು?"
ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಕೊಟ್ಟಳು,
ತುದಿಯಲ್ಲಿ ಗುಲಾಬಿ ರಬ್ಬರು, ಕಚ್ಚಿದ ಗುರುತು.
ಉಜ್ಜಿದೆ.
ಉಸಿರು ಬಿಗಿಹಿಡಿದು ನೋಡುತ್ತಿದ್ದಳು,
ನಾನು ಅವಳದೇ ಹಲ್ಲುಜ್ಜುತ್ತಿದ್ದೇನೋ ಎಂಬಂತೆ.

ಈ ಸಲ ಒಂದೇ ಒಂದು ಗಿಡ್ಡ ಸದ್ದು.
ಎಲ್ಲ ಸರಿ ಎಂದು ಅದರ ಅರ್ಥ.
"ಈಗಲೂ ಕೆಳಗೇ ಇದೆ," ಅಂದಳು.

ಪರದೆ ಕೇಳಿತು: ಗಡಿಯಾರ ಕಳೆದುಹೋಗಿದೆ, ಮುಂದುವರಿಯಲೇ?
ಮುಂದುವರಿ ಎಂದೆ.
ಮೂಲೆಯಲ್ಲಿ ತಾರೀಖು ಬಂತು:
ಎರಡು ಸಾವಿರದ ಮೂರು, ಜನವರಿ ಒಂದು.

ಲಾಮಾರಾ ತನ್ನ ಲೆಕ್ಕದ ಕಡತ ತೆರೆದಳು.
ಮುನ್ನೂರ ಹನ್ನೆರಡು ಪಿಯಾನೋಗಳು, ಮನೆಮನೆಯದು.
ತ್ಕಿಬುಲಿ ಶಾಲೆ: ಮೂರು ಕೀಲಿ ಇಲಿ ತಿಂದಿದೆ.
ದಂತವೈದ್ಯೆ ಮೆದೇಯಾ: ಮಧ್ಯದ 'ಲಾ' ನಿಲ್ಲುವುದಿಲ್ಲ, ಒಲೆ ದೂರ ಇಡಲು ಹೇಳಿದೆ.
ಸಮ್ತ್ರೆದಿಯಾ, ರೈಲ್ವೆ ಕ್ಲಬ್ಬು: ಹಣ ಕೊಡಲಿಲ್ಲ, ವೈನ್ ಕೊಟ್ಟರು.
ಕೆಳಗಿಳಿದಂತೆ ಸಾಲುಗಳು ಗಿಡ್ಡವಾದವು.
ಮಾರಿದರು, ಬತುಮಿಗೆ ಹೋಯಿತು.
ಮುಚ್ಚಳದ ಮೇಲೆ ಟಿವಿ.
ಬಾಗಿಲು ತೆರೆಯಲಿಲ್ಲ.
ಬಾಗಿಲು ತೆರೆಯಲಿಲ್ಲ.

ಬಹಳ ಹೊತ್ತು ಮೂಲೆಯ ತಾರೀಖು ನೋಡಿದಳು.
"ಇದರ ಪ್ರಕಾರ," ಅಂದಳು, "ಇದೊಂದೂ ಇನ್ನೂ ಆಗಿಲ್ಲ, ಅಲ್ಲವಾ?"

ನಾನೆಂದೆ: ಒಳಗಿನ ಬ್ಯಾಟರಿ ಸತ್ತಿದೆ,
ನಾಣ್ಯದ ಹಾಗೆ ಇರುತ್ತದೆ, ಸಂತೆಯಲ್ಲಿ ಮೂರು ಲಾರಿಗೆ ಸಿಗುತ್ತದೆ.
"ಅದನ್ನು ಕೇಳಲಿಲ್ಲ ನಾನು."
ಚಹಾ ಕೊಟ್ಟಳು. ಜೊತೆಗೆ ಅಂಜೂರದ ಮುರಬ್ಬ.
ತಾರೀಖು ಸರಿಮಾಡಲು ಕೈ ಚಾಚಿದೆ.
ಮೌಸು ಅವಳ ಅಂಗೈ ಕೆಳಗಿತ್ತು.
"ಬ್ಯಾಟರಿ ತಂದಿಟ್ಟುಕೋ. ಹಾಕುವುದು ಯಾವಾಗ, ನಾನು ಹೇಳುತ್ತೇನೆ."

ಮಾರನೆಯ ದಿನವೇ ತಂದೆ.
ಹದಿನೈದು ದಿನದಿಂದ ನನ್ನ ಜೇಬಿನಲ್ಲಿದೆ,
ಲಿಫ್ಟಿನ ಚಿಲ್ಲರೆಯ ಜೊತೆ ಉಜ್ಜಿಕೊಂಡು.
ನಿನ್ನೆ ಕತ್ತಲಲ್ಲಿ, ಕೈಗೆ ಸಿಕ್ಕಿದ್ದನ್ನು
ಲಿಫ್ಟಿನ ಬಾಯಿಗೆ ಹಾಕಿದೆ.
ಅದು ಸ್ವಲ್ಪ ಹೊತ್ತು ಚೀಪಿ
ಹೊರಗೆ ಉಗುಳಿತು.
ಮೆಟ್ಟಿಲು ಹತ್ತಿದೆ.
ಏಳನೇ ಮಹಡಿ, ಅವಳ ಬಾಗಿಲ ಹಿಂದೆ
ಯಾವುದೋ ತಂತಿ, ಒಂದೇ ತಂತಿ, ಮತ್ತೆ ಮತ್ತೆ.
ಅವಳಿನ್ನೂ ಕರೆದಿಲ್ಲ.